ಬಂದೂಕಿನ ಟೊಪ್ಪಿಗೆ ಬಿಚ್ಚಿದ್ದು

ನಾನು ಅಂಜುಬುರುಕಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ನೋಡಿ ನಗುವುದು ಬೇಡ. ಕುಕ್ಕರ್ ಸೀಟಿ ಹೊಡೆದರೆ ನನ್ನ ಎದೆ ಧಸಕ್ಕೆನ್ನುತ್ತದೆ. ದೀಪಾವಳಿಯ ಮೂರು ದಿನ ಕಿವಿಯಲ್ಲಿ ಹತ್ತಿ ತುರುಕಿಕೊಂಡೇ ಹೋಳಿಗೆ ಮಾಡುತ್ತೇನೆ. ಶಹಾಪುರದ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದೆ, ನನ್ನ ಚಪ್ಪಲಿ ಸಪ್ಪಳ ಕೇಳಿದರೆ ಸಾಕು, ಹುಡುಗರು ಗಪ್‌ಚುಪ್ಪಾಗುತ್ತಿದ್ದರು. ಈ ಬಾಯೋರು ಯಾವುದಕ್ಕೆ ನಡುಗುತ್ತಾರೆ ಎಂಬುದು ಆ ಹುಡುಗರಿಗೆ ಗೊತ್ತಾಗಿದ್ದರೆ ನನ್ನ ಮರ್ಯಾದೆ ಮೂರಾಬಟ್ಟೆಯಾಗುತ್ತಿತ್ತು.

ಈ ಅಂಜಿಕೆ ಶುರುವಾದದ್ದು ತವರುಮನೆಯ ಪಡಸಾಲೆಯಲ್ಲಿ. ಸುರಪುರದಿಂದ ಬೋನಾಳದ ಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಪಡಸಾಲೆಯ ಗೋಡೆಗೆ ಎರಡು ಗೂಟ, ಗೂಟದ ಮೇಲೆ ಅಡ್ಡಲಾಗಿ ಅಜ್ಜನ ಬೇಟೆಯ ಬಂದೂಕು. ಅಜ್ಜ ಅದನ್ನು ಹಿಡಿದುಕೊಂಡು ಗುಡ್ಡ ತಿರುಗಿದ್ದನಂತೆ. ಅಪ್ಪನ ಕಾಲಕ್ಕೆ ಬೇಟೆ ಬಂದಾಗಿ, ಹೊಲ ಕಾಯುವ ಲೈಸೆನ್ಸ್ ಮಾತ್ರ ಉಳಿದಿತ್ತು. ಸೇಂಗಾ ಕಾಯಿ ಕಟ್ಟುವ ಹೊತ್ತಿಗೆ ಕಾಡುಹಂದಿಯ ಹಿಂಡು ಬಂದು ಮಡಿ ಮಡಿಯನ್ನೇ ಉತ್ತುಹಾಕುತ್ತಿತ್ತು. ಅಪ್ಪ ಹೋಗಿ ಆಕಾಶಕ್ಕೆ ಒಂದು ಈಡು ಹಾರಿಸಿ ಬರುತ್ತಿದ್ದ.

ಅದು ಹಳೇ ನಮೂನೆಯದು, ಮೂತಿಯಿಂದ ತುಂಬುವ ಬಂದೂಕು. ಮೊದಲು ಮದ್ದು, ಮೇಲೆ ಅರಿವೆಯ ಚೂರು, ಅದರ ಮೇಲೆ ಛರ್ರಾ ಎನ್ನುವ ಸೀಸದ ಕಾಳು, ಮತ್ತೆ ಅರಿವೆ. ಗಜ ಎಂಬ ಕಬ್ಬಿಣದ ಸಲಾಕೆಯಿಂದ ಜಡಿದು ಕೂಡಿಸಬೇಕು. ಹಿಂಬದಿಗೆ ಒಂದು ಮೊಳೆಯಂಥದ್ದು, ಅದರ ತಲೆಗೆ ಕೇಪು ಎಂಬ ಸಿಡಿಯುವ ಪುಟ್ಟ ಬಿಲ್ಲೆ. ಕುದುರೆ ಎನ್ನುವ ಸಣ್ಣ ಸುತ್ತಿಗೆ ಬಂದು ಕೇಪಿಗೆ ಬಡಿದರೆ ಒಳಗಿನ ಮದ್ದು ಹೊತ್ತುತ್ತದೆ. ನನ್ನ ಅಂಜಿಕೆಯೆಲ್ಲ ಒಂದೇ ವಿಷಯಕ್ಕೆ: ತುಂಬಿದ್ದು ಹೊರಗೆ ಕಾಣಿಸುವುದಿಲ್ಲ. ಖಾಲಿ ಬಂದೂಕೂ ತುಂಬಿದ ಬಂದೂಕೂ ಗೂಟದ ಮೇಲೆ ಒಂದೇ ಥರ ಬಿದ್ದುಕೊಂಡಿರುತ್ತವೆ.

ಅದಕ್ಕೇ ಅಪ್ಪ ದಾರ ಕಟ್ಟುತ್ತಿದ್ದ. ಬಂದೂಕು ತುಂಬಿದ ಕೂಡಲೇ ಕುದುರೆಯ ಹತ್ತಿರ ಕೆಂಪು ದಾರ, ಖಾಲಿಯಾದ ಮೇಲೆ ಅದನ್ನು ಹರಿದು ಬಿಳಿ ದಾರ. ನಮ್ಮ ಕಡೆ ಬಂದೂಕಿದ್ದ ಹಳೇ ಮನೆಗಳಲ್ಲೆಲ್ಲ ಇದೇ ರೂಢಿ. “ದಾರ ನೋಡದ ಯಾರರೆ ಕೈ ಹಚ್ಚಿದ್ರ ಕೈ ಮುರೀತೀನಿ” ಎಂದು ಅಪ್ಪ ಗುಡುಗುತ್ತಿದ್ದ. ನಾನೋ, ದಾರ ಯಾವುದೇ ಇರಲಿ, ಗೋಡೆಗೆ ಬೆನ್ನು ಹಚ್ಚಿ ಓರೆಯಾಗಿ ದಾಟುತ್ತಿದ್ದೆ.

ಇನ್ನೊಂದು ವಿಷಯ, ಟೊಪ್ಪಿಗೆ. ಬಂದೂಕಿನ ಮೂತಿ ಸವೆದು ಹರಕಾದಾಗ ಬಂದೂಕು ರಿಪೇರಿ ಮಾಡುವ ಸುರಪುರದ ಉಸ್ತಾದರ ತಂದೆ ಅದನ್ನು ನಾಲ್ಕು ಬೆರಳು ಕತ್ತರಿಸಿ, ತುದಿಗೆ ಚೂಡಿ, ಅಂದರೆ ತಿರುಪಿನ ಗೀರು, ಕೊರೆದು, ತಿರುವಿ ಕೂಡಿಸುವ ಹಿತ್ತಾಳೆಯ ಟೊಪ್ಪಿಗೆ ಮಾಡಿಕೊಟ್ಟಿದ್ದರಂತೆ. ಕಣಜದ ಹುಳು ಒಳಗೆ ಮಣ್ಣಿನ ಗೂಡು ಕಟ್ಟಬಾರದು, ಕೆರೆಯ ಥಂಡಿ ಹೋಗಬಾರದು ಎಂದು. ಹಾರಿಸುವ ಮುಂಚೆ ಬಿಚ್ಚುವುದು, ಮನೆಗೆ ಬಂದ ಮೇಲೆ ಹಾಕುವುದು. ಈ ಕಥೆ ಆ ಟೊಪ್ಪಿಗೆಯದ್ದು.

ಅಪ್ಪ ತೀರಿಕೊಂಡದ್ದು ಮಹಾನವಮಿಗೆ ಒಂದು ತಿಂಗಳು ಮುಂಚೆ. ಬೆಳಗಿನ ಜಾವ ಹೊಲದಿಂದ ಬಂದವನೇ ಬಂದೂಕನ್ನು ಟೊಪ್ಪಿಗೆ ಹಾಕಿ ಗೂಟಕ್ಕೆ ಏರಿಸಿ ಎದೆ ಹಿಡಿದುಕೊಂಡು ಕೂತ. ಜೀಪಿನಲ್ಲಿ ಕಲಬುರಗಿಗೆ ಒಯ್ದೆವು, ನಾಲ್ಕನೇ ದಿನ ಹೆಣ ತಂದೆವು. ಮಹಾನವಮಿ ಬಂತು. ಮನೆಯಲ್ಲಿ ಕುಡ, ಕುರ್ಪಿ, ಕೊಡಲಿ, ಬಂದೂಕು ಎಲ್ಲದಕ್ಕೂ ಪೂಜೆ ಆಗಲೇಬೇಕು. ಅದನ್ನು ವರ್ಷ ವರ್ಷ ಮಾಡುತ್ತಿದ್ದವಳು ಅವ್ವ. ಆ ಸಲ ಅವ್ವ ಮಾಡುವಂತಿರಲಿಲ್ಲ. ಗಂಡ ಸತ್ತ ವರ್ಷ ಪೂಜೆಯ ಮುಂದೆ ಬರಬಾರದು ಎಂದು ಹಿರಿಯರೆಲ್ಲ ಹೇಳಿದರು. ನಾನೂ ಹೂಂ ಎಂದೆ. ಮೂವತ್ತು ವರ್ಷ ಮಕ್ಕಳಿಗೆ ಏನೇನೋ ಕಲಿಸಿದವಳು, ಸ್ವಂತ ಅವ್ವನನ್ನು ಅಡುಗೆಮನೆಯಲ್ಲಿ ಕೂಡಿಸಿ ನಾನೇ ಅರಿಷಿಣದ ಬಟ್ಟಲು ಹಿಡಿದೆ.

ಅಂಜುತ್ತಂಜುತ್ತಲೇ ಬಂದೂಕಿಗೆ ಎಣ್ಣೆಯ ಅರಿವೆ ಹಚ್ಚಿ ಒರೆಸಿದೆ. ಕುದುರೆಯ ಹತ್ತಿರ ಒಂದು ದಾರ ಇತ್ತು. ಎಣ್ಣೆ, ಧೂಳು, ಕೈ ಹೊಲಸು ಎಲ್ಲ ಹತ್ತಿ ಕರ್ರಗೆ ಜಿಡ್ಡು ಹಿಡಿದಿತ್ತು. ಪೂಜೆಯ ಸಾಮಾನಿಗೆ ಇಂಥ ಗಲೀಜು ದಾರ ಇರಬಾರದೆಂದು ಕತ್ತರಿಯಿಂದ ಕಚಕ್ಕೆಂದು ಕತ್ತರಿಸಿದೆ. ಅಷ್ಟರಲ್ಲಿ ಅವ್ವ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತು ಏನೋ ಅಂದಳು. ನಾನು ತಿರುಗಿಯೂ ನೋಡದೆ, “ನೀ ಒಳಗ ಕೂಡಬೇ, ಈ ಸಲ ನೀ ಹೊರಗ ಬರಂಗಿಲ್ಲ” ಎಂದೆ. ಅವ್ವ ಒಳಗೆ ಹೋದಳು. ನಾನು ಅರಿಷಿಣ ಬೇರು ಕಟ್ಟಿದ ಹೊಸ ಹಳದಿ ದಾರ ಸುತ್ತಿ, ಕುದುರೆಯ ಮೇಲೆ ಕೆಳಗೆ ಅರಿಷಿಣ ಕುಂಕುಮ ಢಾಳಾಗಿ ಬಳಿದು, ಕೈಮುಗಿದು ಸರಿದುನಿಂತೆ.

ಆಮೇಲೆ ಅವ್ವ ಸ್ವಲ್ಪ ಬದಲಾದಳು. ನಲವತ್ತು ವರ್ಷ ಆ ಗೂಟದ ಕೆಳಗೇ ಇದ್ದ ತನ್ನ ಮಂಚವನ್ನು ಒಬ್ಬಳೇ ಎಳೆದು ಆಚೆ ಮೂಲೆಗೆ ಹಾಕಿಕೊಂಡಳು. ಯಾಕೆ ಎಂದು ಕೇಳಿದರೆ “ಮೈಮ್ಯಾಲ ಪಲ್ಲಿ ಬೀಳತದ” ಎಂದಳು. ನಾನು ತವರಿಗೆ ಹೋದಾಗ ಫ್ಯಾನಿನ ಆಸೆಗೆ ಆ ಜಾಗದಲ್ಲಿ ಹಾಸಿಗೆ ಹಾಸಿದರೆ, ಬಂದು ಹಾಸಿಗೆಯ ಚುಂಗು ಹಿಡಿದು ದರದರ ಎಳೆಯುತ್ತಿದ್ದಳು. ಮುದುಕಿಗೆ ಅಪ್ಪ ಹೋದ ಮೇಲೆ ತಲೆ ನೆಟ್ಟಗಿಲ್ಲ ಎಂದು ನಾನೂ ತಮ್ಮನೂ ಮಾತಾಡಿಕೊಂಡೆವು. ನಕ್ಕೆವು ಕೂಡ.

ಹೋದ ಬೇಸಿಗೆಯಲ್ಲಿ ತಮ್ಮ ಫೋನು ಮಾಡಿದ. ಬಂದೂಕಿನ ಲೈಸೆನ್ಸ್ ಅವನ ಹೆಸರಿಗೆ ಆಗಬೇಕು, ಅರ್ಜಿ ಯಾದಗಿರಿಯ ಕಚೇರಿಗೆ ಹೋಗಿದೆ, ಮಗಳಾದ ನನ್ನ ಒಪ್ಪಿಗೆ ಪತ್ರ ಬೇಕು. ಅದರ ಜೊತೆಗೆ ಠಾಣೆಯವರು ತರಾಟೆಗೆ ತೆಗೆದುಕೊಂಡಿದ್ದರು: ಯಜಮಾನ ಸತ್ತು ಎಂಟು ತಿಂಗಳಾಯಿತು, ಬಂದೂಕು ಇನ್ನೂ ಮನೆಯಲ್ಲಿದೆಯಲ್ಲ, ಶನಿವಾರದೊಳಗೆ ತಂದು ಒಪ್ಪಿಸಿ, ಮೂತಿ ತೆರೆದಿರಬೇಕು, ನಳಿಗೆಯೊಳಗೆ ಬೆಳಕು ಕಂಡರೆ ಮಾತ್ರ ಬರೆದುಕೊಳ್ಳುತ್ತೇವೆ ಎಂದು. ಟೊಪ್ಪಿಗೆ ಮಾತ್ರ ಅಲ್ಲಾಡುತ್ತಿರಲಿಲ್ಲ. ಎಂಟು ತಿಂಗಳು ಬಿಚ್ಚದೆ ಕಿಲುಬು ಹಿಡಿದು ಗಟ್ಟಿ ಕೂತಿತ್ತು.

ನಾನು ಬುಧವಾರ ಬೆಳಿಗ್ಗೆ ಬಸ್ಸಿಳಿದು ಮನೆಗೆ ಹೋದರೆ ಕಂಡದ್ದೇನು! ತಮ್ಮ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಬಂದೂಕಿನ ಹಿಡಿಯನ್ನು ಎರಡೂ ಪಾದದ ನಡುವೆ ಒತ್ತಿ ಹಿಡಿದು, ಮೂತಿಯನ್ನು ಸರಿಯಾಗಿ ತನ್ನ ಗದ್ದದ ಕಡೆಗೇ ಮಾಡಿಕೊಂಡು, ಟೊಪ್ಪಿಗೆಗೆ ಪಾನಾ ಹಾಕಿ ತಿರುವುತ್ತಿದ್ದಾನೆ. ತಿರುಗದಿದ್ದಾಗ ಸಿಟ್ಟಿಗೆ ಸುತ್ತಿಗೆ ತೆಗೆದು ಟಣ್ ಟಣ್ ಬಡಿಯುತ್ತಿದ್ದಾನೆ.

“ಏ ಹುಚ್ಚಪ್ಯಾಲಿ, ಮೂತಿ ಆಕಡಿ ಮಾಡೋ!” ಎಂದು ಚೀರಿದೆ.

“ಬಂದ್ರು ನೋಡು ನಮ್ಮ ಬಾಯೋರು” ಎಂದು ಅವನು ಹಲ್ಲು ಕಿರಿದ. “ಖಾಲಿ ಬಂದೂಕಿಗೆ ಅಂಜಾಕತ್ತಿಯಲ್ಲಕ್ಕ. ಅಪ್ಪ ಹೋಗಿ ಎಂಟ್ ತಿಂಗಳಾತು, ಯಾರು ತುಂಬ್ಯಾರ ಇದನ್ನ?”

ಕೊನೆಗೆ ಸುರಪುರದ ಉಸ್ತಾದರ ಹತ್ತಿರ ಒಯ್ಯುವುದೆಂದು ಆಯಿತು. ಒಪ್ಪಿಗೆ ಪತ್ರಕ್ಕೆ ನಾನೂ ಸುರಪುರಕ್ಕೆ ಹೋಗಬೇಕಿತ್ತು. ಬಂದೂಕನ್ನು ಕೌದಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ, ತಾನು ಬೈಕ್ ಚಾಲೂ ಮಾಡಿದ. ಹೊಲಕ್ಕೆ ಹೋಗಿದ್ದ ಅವ್ವ ಆಗಷ್ಟೇ ಬಾಗಿಲಿಗೆ ಬಂದಳು. “ಸಾವಕಾಶ ಹಿಡ್ಕೋರಿ ಅದನ್ನ, ಅದರಾಗ...” ಎಂದು ಶುರು ಮಾಡಿದಳು. “ಯವ್ವಾ, ಹೊತ್ತಾಗ್ಯಾದ, ಬಂದ ಮ್ಯಾಲ ಹೇಳು” ಎಂದು ತಮ್ಮ ಬೈಕ್ ತಿರುಗಿಸಿಬಿಟ್ಟ.

ಆ ದಾರಿಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬೈಕಿನ ಹಿಂದೆ ಒಂದು ಕಡೆಗೆ ಕಾಲು ಇಳಿಬಿಟ್ಟು ಕೂತಿದ್ದೇನೆ, ತೊಡೆಯ ಮೇಲೆ ಬಂದೂಕು. ಅಡ್ಡ ಹಿಡಿದರೆ ಎದುರಿಗೆ ಬರುವ ಟಂಟಂ ಆಟೋಗಳಿಗೆ ಬಡಿಯುತ್ತದೆ, ನೆಟ್ಟಗೆ ಹಿಡಿದರೆ ಮೂತಿ ನನ್ನ ಕಿವಿಯ ಹತ್ತಿರ ಬರುತ್ತದೆ. ರಸ್ತೆಯ ತುಂಬ ತಗ್ಗು. ಒಂದೊಂದು ತಗ್ಗಿಗೂ ಕೌದಿಯೊಳಗಿನ ಕಬ್ಬಿಣ ಗಡಕ್ಕೆನ್ನುತ್ತಿತ್ತು. ಕಣ್ಣು ಮುಚ್ಚಿಕೊಂಡು ಶಿವಶಿವಾ ಎನ್ನುತ್ತಾ ಕೂತೆ. ಆ ಹೊತ್ತಿನ ತನಕ ಅದು ನನ್ನ ಹಳೇ, ಕಾರಣವಿಲ್ಲದ ಅಂಜಿಕೆ ಅಷ್ಟೆ ಎಂದೇ ತಿಳಿದಿದ್ದೆ.

ಉಸ್ತಾದರ ಅಂಗಡಿ ಗುಡ್ಡದ ಕೆಳಗಿನ ಓಣಿಯಲ್ಲಿ. ಎಪ್ಪತ್ತು ದಾಟಿದ ಮನುಷ್ಯ, ಬಿಳಿ ಗಡ್ಡ, ದಪ್ಪ ಗಾಜಿನ ಚಾಳೀಸು. ತಂದೆಯ ಕಾಲದಿಂದ ಬಂದೂಕು ರಿಪೇರಿಯ ಪರವಾನಗಿ ಇದೆ, ಆದರೆ ಈಗ ಬಂದೂಕೇ ಬರುವುದಿಲ್ಲ, ಸ್ಟೋ, ಬೀಗ, ಔಷಧ ಹೊಡೆಯುವ ಪಂಪು ಇವೇ ಕೆಲಸ. ಕೌದಿ ಬಿಚ್ಚಿದ ಕೂಡಲೇ ಅವರ ಮುಖ ಅರಳಿತು. “ಅರೇ, ಇದು ನಮ್ಮ ಅಬ್ಬಾ ಮಾಡಿದ ಟೊಪ್ಪಿಗಿ” ಎಂದು ಹಿತ್ತಾಳೆಯ ಮೇಲೆ ಬೆರಳಾಡಿಸಿದರು. ಬೆಣ್ಣೆಯಂಥ ಎಣ್ಣೆ ಹಚ್ಚಿದರು, ಬಿಗಿದು ಹಿಡಿಯುವ ಇಕ್ಕಳದ ಕಟ್ಟಿಗೆಯ ಹಲ್ಲಿನ ನಡುವೆ ಹಿಡಿದು ತಿರುವಿದರು, ಬೆವರು ಸುರಿಸಿದರು. ಊಹೂಂ.

“ಬಿಸಿ ಮಾಡಬೇಕಾಗ್ತದ ಬೇಟಾ” ಎಂದರು ತಮ್ಮನಿಗೆ. “ಹಿತ್ತಾಳಿ ಹಿಗ್ಗಿದ್ರ ತಾನ ಬಿಡತದ. ಆದರ ಮೊದಲ ಹೇಳು, ಭರ್ತಿನೋ, ಖಾಲಿನೋ?”

“ಖಾಲಿ ಅದರಿ.”

ಉಸ್ತಾದರು ಕುದುರೆಯ ಹತ್ತಿರ ಬಗ್ಗಿ ನೋಡಿದರು. “ಹಳದಿ ದಾರ ಅದಲ್ಲ. ಇದ್ಯಾವ ದಾರ?”

“ಪೂಜಿದ್ರಿ. ಮಹಾನಮಿ ದಿನ ಅಕ್ಕ ಕಟ್ಟ್ಯಾಳ.”

“ಅದಕ್ಕೂ ಮೊದಲ ಯಾವುದಿತ್ತು?”

“ಬಿಳೀದ ಇತ್ತ್ರಿ” ಎಂದ ತಮ್ಮ, ತಾನೇ ಕಣ್ಣಾರೆ ಕಂಡವನ ಹಾಗೆ. ನಿಜವಾಗಿ ಅವನು ನೋಡಿರಲೇ ಇಲ್ಲ. ಅವತ್ತು ಅವನು ಬನ್ನಿ ತರಲು ಹೋಗಿದ್ದ. ಆ ದಾರವನ್ನು ನೋಡಿದ್ದು ಜಗತ್ತಿನಲ್ಲಿ ನಾನೊಬ್ಬಳೇ.

ಕರ್ರಗಿನ ಜಿಡ್ಡು ದಾರ. ಕತ್ತರಿ. ಕಚಕ್. ಆ ಜಿಡ್ಡಿನ ಕೆಳಗೆ ಏನು ಬಣ್ಣವಿತ್ತು? ಬಿಳಿಯೋ? ಕೆಂಪೋ? ಎಷ್ಟು ನೆನಪು ಮಾಡಿಕೊಂಡರೂ ಬರೀ ಕರಿ ಕಾಣಿಸಿತು. ಅಪ್ಪ ಜೀವ ಇರುವವರೆಗೆ ಬಾಯಿ ಬಡಿದುಕೊಂಡು ಹೇಳಿದ ಒಂದೇ ಒಂದು ಮಾತನ್ನು ನಾನು ಕತ್ತರಿಸಿ ಕಸದಬುಟ್ಟಿಗೆ ಹಾಕಿದ್ದೆ.

ಹೇಳಬೇಕಿತ್ತು, ತಕ್ಷಣ. ಹೇಳಲಿಲ್ಲ. ಯಾಕೆ ಎಂದು ಈಗ ಕೇಳಿಕೊಂಡರೆ ನಾಚಿಕೆಯಾಗುತ್ತದೆ. ತಮ್ಮ ನಗುತ್ತಾನೆ ಎಂದು. ಉಸ್ತಾದರ ಮುಂದೆ ದಡ್ಡಿ ಎನಿಸಿಕೊಳ್ಳುತ್ತೇನೆ ಎಂದು. ಇವಳು ಗುಬ್ಬಿ ಹಾರಿದರೂ ಅಂಜುತ್ತಾಳೆ ಎಂದು ಮತ್ತೆ ಆಡಿಕೊಳ್ಳುತ್ತಾರೆ ಎಂದು. ಸುಳ್ಳು ಅಂಜಿಕೆಗೆಲ್ಲ ಚೀರಿ ಚೀರಿ, ಖರೇ ಅಂಜಿಕೆ ಬಂದಾಗ ಬಾಯಿ ಬಿಗಿದುಹೋಯಿತು.

ಉಸ್ತಾದರು ಬಂದೂಕನ್ನು ಇಕ್ಕಳದಲ್ಲಿ ಬಿಗಿದರು. ಗ್ಯಾಸಿನ ಬತ್ತಿ ಹಚ್ಚಿದರು, ಭುಸ್ ಎಂದು ನೀಲಿ ಉರಿ ಎದ್ದಿತು. ಚಾಳೀಸು ಸರಿಮಾಡಿಕೊಂಡು ಮೂತಿಯ ನೇರಕ್ಕೇ ಮುಖ ಇಟ್ಟು ಬಗ್ಗಿದರು. ತಮ್ಮ ಪಕ್ಕದಲ್ಲಿ ನಿಂತು ಹಿಡಿಯನ್ನು ಒತ್ತಿ ಹಿಡಿದ. ಉರಿ ಟೊಪ್ಪಿಗೆಗೆ ಒಂದು ಗೇಣು ದೂರದಲ್ಲಿತ್ತು. ಉಸ್ತಾದರ ಬಿಳಿ ಗಡ್ಡದ ಮೇಲೆ ನೀಲಿ ಬೆಳಕು ಬಿದ್ದಿತ್ತು. ಅದನ್ನು ಕಂಡದ್ದೇ ಕಂಡದ್ದು.

“ಆರಿಸ್ರಿ! ಉಸ್ತಾದ್, ಮೊದಲ ಅದನ್ನ ಆರಿಸ್ರಿ!”

ಶಾಲೆಯ ಬಯಲಿನ ಆಚೆ ಮೂಲೆಗೆ ಕೇಳುವ ನನ್ನ ಹಳೇ ದನಿ ಅದು. ಓಣಿಯಲ್ಲಿ ಹೋಗುತ್ತಿದ್ದವರೂ ನಿಂತರು. ಉಸ್ತಾದರು ಬೆಚ್ಚಿ ಉರಿ ಆರಿಸಿದರು. ನಾನು ಗೋಡೆ ಹಿಡಿದುಕೊಂಡು ನಿಂತು ಎಲ್ಲ ಒದರಿಬಿಟ್ಟೆ. ದಾರ ನಾನೇ ಕತ್ತರಿಸಿದೆ, ಬಣ್ಣ ನೋಡಲಿಲ್ಲ, ಇವನೂ ನೋಡಿಲ್ಲ, ಬಿಳಿ ಎಂದದ್ದು ಬರೀ ಅಂದಾಜು.

“ಈಗ ಹೇಳ್ತಿಯೇನ?” ಎಂದು ತಮ್ಮ ಕಣ್ಣು ಕೆಕ್ಕರಿಸಿದ. ಆದರೆ ದನಿಯಲ್ಲಿ ಜೋರಿರಲಿಲ್ಲ. ಒತ್ತಿ ಹಿಡಿದ ಕೈಯನ್ನು ಆಗಲೇ ತೆಗೆದಿದ್ದ.

ಉಸ್ತಾದರು ಅವನ ಕಡೆ ನೋಡಿದರು. ಬೈಯಲಿಲ್ಲ. “ನಿಮ್ಮಪ್ಪಾರು ಇದ್ದಿದ್ರ ನಿನಗ ಜೋಡಲೆ ಹೊಡೀತಿದ್ರು ಬೇಟಾ” ಎಂದರು ಮೆತ್ತಗೆ. “ನೋಡದ ಬಿಳಿ ಅಂದಿ. ಇಬ್ಬರೂ ಓಣಿ ಆಚಿ ನಿಂದರ್ರಿ, ನಡೀರಿ.”

ಆಚೆ ಚಹಾದ ಅಂಗಡಿಯ ಕಟ್ಟೆಗೆ ನಿಂತು ನೋಡಿದೆವು. ಉಸ್ತಾದರು ಮೂತಿಯನ್ನು ಹಿಂಬದಿಯ ಮಣ್ಣುಗೋಡೆಗೆ ಮುಖ ಮಾಡಿಟ್ಟು, ತಾವು ಪಕ್ಕಕ್ಕೆ ಸರಿದು ಕೂತರು. ನಾನು ಬಳಿದಿದ್ದ ಅರಿಷಿಣ ಕುಂಕುಮ ಒಣಗಿ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಅದನ್ನು ಹಸಿ ಅರಿವೆ ಹಾಕಿ ಒರೆಸತೊಡಗಿದರು. ಒಂದು ಕಡೆ ಅವರ ಕೈ ನಿಂತುಹೋಯಿತು. ಆಮೇಲೆ ಬೆರಳಿನಿಂದ ಕುದುರೆಯನ್ನು ಕೂದಲೆಳೆಯಷ್ಟೇ ಎತ್ತಿ, ಅದರ ಕೆಳಗಿನಿಂದ ಏನನ್ನೋ ಚಿಮುಟದಲ್ಲಿ ತೆಗೆದು ನೀರಿನ ಬಟ್ಟಲಿಗೆ ಹಾಕಿದರು.

“ಏನ್ರಿ ಚಾಚಾ?” ಎಂದು ತಮ್ಮ ಇಲ್ಲಿಂದಲೇ ಕೂಗಿದ.

“ಕೇಪು” ಎಂದರು ಉಸ್ತಾದರು.

ಕುದುರೆಯ ಕೆಳಗೇ ಕೇಪು ಕೂತಿತ್ತು. ಮುಂಜಾನೆ ತಮ್ಮ ಗದ್ದದ ಕಡೆಗೆ ಮೂತಿ ಮಾಡಿಕೊಂಡು ಸುತ್ತಿಗೆಯಿಂದ ಟಣ್ ಟಣ್ ಬಡಿದಾಗಲೂ ಕೂತಿತ್ತು. ಬೈಕಿನ ಮೇಲೆ ತಗ್ಗಿಗೊಮ್ಮೆ ಗಡಕ್ಕೆಂದಾಗಲೂ ಕೂತಿತ್ತು. ನನ್ನ ಭಕ್ತಿಯ ಕುಂಕುಮ ಅದನ್ನು ಮುಚ್ಚಿಟ್ಟಿತ್ತು. ತಮ್ಮ ನನ್ನ ಪಕ್ಕದಲ್ಲಿ ಕೂತ. ಸುಮ್ಮನೆ ತನ್ನ ಗದ್ದ ಸವರಿಕೊಳ್ಳುತ್ತಿದ್ದ.

ಉಸ್ತಾದರು ಹಿಂಬದಿಯ ಮೊಳೆಯನ್ನೂ ಬಿಚ್ಚಿ, ಆ ತೂತಿನಲ್ಲಿ ತಾಮ್ರದ ತಂತಿ ಆಡಿಸಿ ಹೊರಗೆ ತೆಗೆದರು. ತುದಿ ಕರ್ರಗಿತ್ತು. ಮೂಗಿಗೆ ಹಿಡಿದು ಮೂಸಿ, ನಮ್ಮ ಕಡೆ ನೋಡಿ ತಲೆ ಆಡಿಸಿದರು. ಭರ್ತಿ. ಆ ತೂತಿನಿಂದ ನೀರು ಬಿಟ್ಟು, ಬಂದೂಕನ್ನು ಇಡಿಯಾಗಿ ನೀರಿನ ಡೋಣಿಯಲ್ಲಿ ಮುಳುಗಿಸಿಟ್ಟರು. “ಮೂರು ದಿನ ನೆನೀಲಿ. ಶನಿವಾರ ಬರ್ರಿ” ಎಂದರು. ಹೊರಡುವಾಗ ನನ್ನನ್ನು ಕರೆದು ಹೇಳಿದರು: “ಬೇಟಿ, ಮೂತಿ ಮುಚ್ಚ್ಯಾದ. ಬಿಸಿ ಹಿಂದಕ್ಕ ಹರಿದು ಮದ್ದಿಗೆ ತಾಕಿತ್ತಂದ್ರ ಹೊರಗ ಹೋಗಾಕ ದಾರಿ ಇಲ್ಲ. ನಳಿಗೀನ ಒಡೀತಿತ್ತು. ಮುಂದ ನಾ ಇದ್ದೆ, ಬಾಜೂಕ ಇಂವ ಇದ್ದ.”

ಆ ಮೂರು ದಿನ ನಾನು ಶಹಾಪುರದಲ್ಲಿ ಹೇಗಿದ್ದೆನೋ ಶಿವನೇ ಬಲ್ಲ. ಕುಕ್ಕರ್ ಇಡುವುದನ್ನೇ ಬಿಟ್ಟು ಪಾತ್ರೆಯಲ್ಲಿ ಬೇಳೆ ಬೇಯಿಸಿದೆ. ಬಾಗಿಲು ಬಡಿದರೆ ಜಿಗಿಯುತ್ತಿದ್ದೆ. ಕಣ್ಣು ಮುಚ್ಚಿದರೆ ಬಿಳಿ ಗಡ್ಡದ ಮೇಲೆ ನೀಲಿ ಬೆಳಕು. ಅವ್ವನಿಗೆ ಹೇಳುವುದು ಬೇಡ ಎಂದು ನಾನೂ ತಮ್ಮನೂ ಫೋನಿನಲ್ಲಿ ಮಾತಾಡಿಕೊಂಡೆವು. ವಯಸ್ಸಾದ ಜೀವ, ಸುಮ್ಮನೆ ಗಾಬರಿಯಾಗುತ್ತಾಳೆ, ಅವಳಿಗೆ ಇದೆಲ್ಲ ಏನು ತಿಳಿಯುತ್ತದೆ ಎಂದು.

ಶನಿವಾರ ಹೋದೆವು. ನೀರಲ್ಲೂ ಎಣ್ಣೆಯಲ್ಲೂ ನೆನೆದು ಕಿಲುಬು ಮೆತ್ತಗಾಗಿತ್ತು. ಉಸ್ತಾದರು ಕಟ್ಟಿಗೆಯ ಹಲ್ಲಿನಲ್ಲಿ ಟೊಪ್ಪಿಗೆಯನ್ನು ಹಿಡಿದು, ಬಿಸ್ಮಿಲ್ಲಾ ಎಂದು ಭಾರ ಹಾಕಿದರು. ಕಿರ್ರ್ ಎಂದು ಒಂದು ಸುತ್ತು ತಿರುಗಿತು. ನಾನು ಕಿವಿ ಮುಚ್ಚಿಕೊಂಡು ಓಣಿಯ ಅರ್ಧ ದಾರಿಗೆ ಓಡಿದ್ದೆ. ಯಾರಾದರೂ ನಗಲಿ, ನನಗೇನು. ಟೊಪ್ಪಿಗೆ ಕಳಚಿ ಬಂತು. ಗಜದ ತುದಿಗೆ ತಿರುಪಿನ ಮುಳ್ಳು ಹಾಕಿ ಒಳಗಿನದನ್ನು ಒಂದೊಂದಾಗಿ ಎಳೆದರು. ಅರಿವೆಯ ಚೂರು, ಛರ್ರಾ, ಮತ್ತೆ ಅರಿವೆ, ಕೊನೆಗೆ ಅಂಬಲಿಯಂತೆ ಕರಗಿದ ಕರಿ ಮದ್ದು. ಅರಿವೆಯನ್ನು ನೀರಲ್ಲಿ ಅದ್ದಿ ಹಿಂಡಿದಾಗ ಹಸಿರು ಚೌಕಳಿ ಕಂಡಿತು. ಅಪ್ಪನ ಲುಂಗಿ. ಕಲಬುರಗಿಗೆ ಒಯ್ಯುವ ಹಿಂದಿನ ವಾರ ಹರಿದಿತ್ತೆಂದು ಅವನು ಚೂರು ಮಾಡಿದ್ದ ಲುಂಗಿ.

ಬಂದೂಕು ಠಾಣೆಗೆ ಹೋಯಿತು. ಸಾಹೇಬರು ನಳಿಗೆಯೊಳಗೆ ಕಣ್ಣಿಟ್ಟು, ಬೆಳಕು ಕಂಡು, ಬರೆದುಕೊಂಡರು. ನಾವು ಊರಿಗೆ ಬಂದೆವು. ಅವ್ವ ಪಡಸಾಲೆಯಲ್ಲಿ ಸೇಂಗಾ ಸುಲಿಯುತ್ತಿದ್ದಳು. ನನಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಎದುರಿಗೆ ಕೂತು ಹೇಳಿಬಿಟ್ಟೆ: “ಯವ್ವಾ, ಆ ಬಂದೂಕು ಭರ್ತಿ ಇತ್ತು.”

ಅವ್ವ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಹೂಂ. ಮ್ಯಾಲ ಕೇಪೂ ಇತ್ತಲ್ಲ?” ಎಂದಳು.

ತಮ್ಮ ನಿಂತಲ್ಲೇ ನಿಂತ. ನಾನು ಕೇಳಿದೆ: “ನಿನಗ ಗೊತ್ತಿತ್ತಾ?”

“ಜೀಪಿನಾಗ ಹೇಳಿದ ನಿಮ್ಮಪ್ಪ. ಎದಿ ಹಿಡ್ಕೊಂಡಾನ, ಮಾತ್ ಆಡಾಕ ಆಗವಲ್ದು. ಆದರೂ ಅದನ್ನ ಹೇಳಿದ. ಭರ್ತಿ ಅದ, ಕೇಪ್ ತೆಗೀಲಿಕ್ಕೆ ಆಗಲಿಲ್ಲ, ಬಂದ ಮ್ಯಾಲ ತೆಗೀತೀನಿ, ಅಲ್ಲೀತನ ಯಾರಿಗೂ ಮುಟ್ಟಗೊಡಬ್ಯಾಡ ಅಂದ. ಕೆಂಪು ದಾರ ಕಟ್ಟೀನಿ ಅಂದ.”

“ಮತ್ತ ಯಾಕ ಹೇಳಲಿಲ್ಲಬೇ ನಮಗ?” ಎಂದೆ. ನನ್ನ ದನಿ ಏರಿತ್ತು. ಸಿಟ್ಟು ಯಾರ ಮೇಲೆ ಎಂದು ನನಗೇ ಗೊತ್ತಿರಲಿಲ್ಲ.

ಅವ್ವ ಮೊರ ಕೆಳಗಿಟ್ಟಳು. ಉಡಿಯ ಮೇಲಿನ ಸಿಪ್ಪೆ ಜಾಡಿಸಿದಳು.

“ಮಹಾನಮಿ ದಿನ ಹೊಸ್ತಿಲತನ ಬಂದಿದ್ದೆ. ಆ ದಾರ ಕತ್ತರಸಬ್ಯಾಡ, ಭರ್ತಿ ಅದ ಅಂದೆ. ಒಳಗ ಕೂಡು, ಹೊರಗ ಬರಂಗಿಲ್ಲ ಅಂದಿ. ಮುಂದ ಇವಗ ಹೇಳಿದೆ, ಅದನ್ನ ಉಸ್ತಾದರ ಕಡಿ ಒಯ್ಯೋ ಅಂತ. ಬಂದೂಕಿನ ಸುದ್ದಿ ನಿನಗ್ಯಾಕಬೇ, ಸುಮ್ನಿರು ಅಂದ. ಎರಡ್ ಸಲ ಹೇಳೀನಿ. ಆಗ ಮೂರನೇ ಸಲ ಹೇಳಾಕ ಹೋಗಲಿಲ್ಲ. ಮಂಚ ಸರಿಸಿಕೊಂಡೆ.”

ತಮ್ಮ ಗೋಡೆಯ ಕಡೆ ತಿರುಗಿ ನಿಂತ. ಬುಧವಾರ ಬೈಕ್ ತಿರುಗಿಸಿದಾಗ, ಮೂರನೇ ಸಲ ಹೇಳಲು ಬಂದು ಬಾಗಿಲಲ್ಲೇ ನಿಂತ ಅವ್ವನ ಮುಖ ನನ್ನ ಕಣ್ಣ ಮುಂದೆ ಬಂತು. ಎಂಟು ತಿಂಗಳು ಆ ಮುದುಕಿ ಒಬ್ಬಳೇ ಆ ಅಂಜಿಕೆ ಹೊತ್ತುಕೊಂಡು, ಮೊಮ್ಮಕ್ಕಳನ್ನು ಆ ಗೋಡೆಯ ಕಡೆಯಿಂದ ಅಟ್ಟುತ್ತಾ, ನನ್ನ ಹಾಸಿಗೆಯನ್ನು ಎಳೆಯುತ್ತಾ, ಹಲ್ಲಿಯ ನೆವ ಹೇಳುತ್ತಾ ಇದ್ದಳು. ಅಂಜುಬುರುಕಿ ನಾನು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ, ಅವಳ ಅಂಜಿಕೆಯನ್ನು ಒಂದು ದಿನ ಕೇಳಲಿಲ್ಲ. ನಾನು ಅವಳ ಕಾಲ ಹತ್ತಿರ ಕೂತು ಅತ್ತುಬಿಟ್ಟೆ. “ತಪ್ಪಾತು ಯವ್ವಾ” ಎಂದೆ.

“ಆತ್ ಬಿಡು. ಕೈಕಾಲು ನೆಟ್ಟಗ ಇಟ್ಕೊಂಡು ಬಂದೀರಿ ಇಬ್ಬರೂ” ಎಂದಳು. ಸೆರಗಿನಿಂದ ನನ್ನ ಮುಖ ಒರೆಸಿದಳು, ಸೇಂಗಾದ ಧೂಳು ಕಣ್ಣಿಗೆ ಹೋಯಿತು.

ಆಮೇಲೆ ಎದ್ದು, ಬರಿದಾಗಿದ್ದ ಎರಡು ಗೂಟಗಳನ್ನು ಸ್ವಲ್ಪ ಹೊತ್ತು ನೋಡಿದಳು. ಮೂಲೆಯಲ್ಲಿದ್ದ ಮಂಚದ ಹತ್ತಿರ ಹೋಗಿ ಅದರ ತಲೆಗಂಬಿ ಹಿಡಿದುಕೊಂಡಳು.

“ಅಳೋದು ಮುಗದ್ರ ಬರ್ರಿ” ಎಂದಳು. “ಆಕಡಿ ನೀವಿಬ್ಬರು ಹಿಡೀರಿ. ಇದನ್ನ ಇದರ ಜಾಗಾಕ್ಕ ಇಡೂಣು.”